ದುಂಡು ವಾಚಿನ ಮನುಷ್ಯ

ಹೆಂಡತಿಯ ಕೈಚೀಲದಲ್ಲಿ ಸಿಕ್ಕಿದ್ದು ಗಂಡಸಿನ ವಾಚಿನ ಪಟ್ಟಿ. ಹಲ್ಲಿನ ಡಾಕ್ಟರು ಅದರಲ್ಲಿ ಕೈ ಹಾಕಿದ್ದು ಬೀರುವಿನ ಕೀಲಿಗಾಗಿ. ಕೀಲಿಯ ಮಾತು ಅಲ್ಲಿಗೇ ಮರೆತುಹೋಯಿತು.

ಪಟ್ಟಿ ತಮ್ಮದಲ್ಲವೆಂದು ಅವರು ಎದೆ ತಟ್ಟಿ ಹೇಳಬಲ್ಲರು. ಅವರ ಗಾಜಿನ ಕಪಾಟಿನಲ್ಲಿ ಎಂಟು ಮೂಲೆಯ ವಾಚಿತ್ತು, ಪೀಪಾಯಿಯ ಹಾಗೆ ನಡು ಉಬ್ಬಿದ್ದಿತ್ತು, ಪುಟ್ಟ ದಿಂಬಿನಂಥದಿತ್ತು, ಕುಡಿದವನಂತೆ ಒಂದು ಪಕ್ಕಕ್ಕೆ ವಾಲಿದ್ದೂ ಇತ್ತು. ಯಾವುದಕ್ಕೂ ಹಳೆಯ ಪಟ್ಟಿ ಇರಲಿಲ್ಲ. ಹಳೆಯ ವಾಚು ಕೈಗೆ ಬಂದ ಕೂಡಲೇ ಅದರ ಪಟ್ಟಿ ಕಿತ್ತು ಕಸದ ಬುಟ್ಟಿಗೆ ಎಸೆಯುವುದು ಅವರ ಪದ್ಧತಿ. ಆಮೇಲೆ ಹಲ್ಲಿನ ಸಂದು ಕೆದಕುವ ಕೊಕ್ಕೆಯಿಂದಲೇ ವಾಚಿನ ಮೂಲೆಮೂಲೆಯ ಕೊಳೆ ತೆಗೆಯುವುದು. ವಾಚು ಕಲೆ, ಪಟ್ಟಿ ಯಾರದೋ ಬೆವರು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆದರೆ ಆ ಬೆವರನ್ನು ಓದಲು ಅವರಿಗೆ ಬರುತ್ತಿತ್ತು. ಕನ್ನಡಕ ಏರಿಸಿ, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

ವಾಚಿಗೆ ತಾಗುವ ತುದಿಯಲ್ಲಿ ಬಿಲ್ಲಿನಂತೆ ಬಾಗಿದ ಸವೆತ. ಅಂದರೆ ದುಂಡು ವಾಚು! ಡಾಕ್ಟರಿಗೆ ಅರ್ಧ ಜೀವ ಹೋಯಿತು. ಇಷ್ಟು ವರ್ಷ ತಮ್ಮ ಜೊತೆ ಬಾಳಿದವಳು ಕೊನೆಗೆ ದುಂಡು ವಾಚು ಕಟ್ಟುವವನ ಕೈಗೆ ಬಿದ್ದಳೇ? ದುಂಡಗಿನದು ಗೋಡೆಗೆ ಸರಿ, ಕೈಗಲ್ಲ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದರು!

ಕಂಪನಿ ಕೊಟ್ಟ ತೂತುಗಳು ಸಾಲದೆ, ಅವಕ್ಕಿಂತ ಒಳಗೆ ಮೊಳೆಯಿಂದ ಒರಟಾಗಿ ಚುಚ್ಚಿದ ಇನ್ನೊಂದು ತೂತು. ಆಸಾಮಿ ಸಣಕಲ, ಗಾಳಿಗೆ ಹಾರುವಂಥವನು. ಡಾಕ್ಟರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಮುಂದುವರಿದರು. ತುದಿಯಲ್ಲಿ ಗೀರುಗಳು: ಪಿನ್ನು ಬಿಡಿಸುವ ವ್ಯವಧಾನವಿಲ್ಲದೆ ಜಗ್ಗಿ ಕಿತ್ತಿದ್ದಾನೆ. ಕೊಂಡಿ ಬಹಳ ಹಳೆಯ ಕಾಲದ್ದು. ಹಾಗಾದರೆ ಇದು ಇಂದು ನಿನ್ನೆಯ ಸಂಬಂಧವಲ್ಲ.

ಆಮೇಲೆ ಹೊಲಿಗೆ ಕಣ್ಣಿಗೆ ಬಿತ್ತು. ಹರಿದ ಕಡೆ ಯಾರೋ ನೀಲಿ ದಾರದಿಂದ ಒತ್ತೊತ್ತಾಗಿ ಹೊಲಿದಿದ್ದರು. ಡಾಕ್ಟರು ಹೆಂಡತಿ ಹೊಲಿದುಕೊಟ್ಟಿದ್ದ ತಮ್ಮ ಅಂಗಿಯ ಗುಂಡಿಯನ್ನು ನೋಡಿಕೊಂಡರು. ಅದೇ ಕೈ. ಅನುಮಾನವೇ ಇಲ್ಲ. ಅವಳಿಲ್ಲದ ಮನೆಯನ್ನು ಒಂದು ಕ್ಷಣ ಊಹಿಸಿಕೊಂಡು ನಿಜವಾಗಿಯೂ ಹೆದರಿದರು.

ಕೈಚೀಲದ ತಳದಲ್ಲಿ ಅವರ ಖಾಯಂ ವಾಚ್ ರಿಪೇರಿಯವನ ಅಂಗಡಿಯ ಖಾಲಿ ಲಕೋಟೆ ಇತ್ತು. ಸೀದಾ ಅಲ್ಲಿಗೆ ನಡೆದರು.

ರಿಪೇರಿಯವನು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ನಕ್ಕ. "ಅಮ್ಮಾವ್ರು ಒಂದು ವಾಚ್ ಹುಡುಕಿಸಿದ್ರು ಸಾರ್. ಯಾರಿಗೆ, ಏನು ಅಂತ ಕೇಳಬೇಡಿ. ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದೀನಿ."

"ಆ ಮನುಷ್ಯ ನಿನಗೆ ಗೊತ್ತಾ?"

"ವಾರಕ್ಕೊಂದ್ಸಲ ಇಲ್ಲೇ ಬಂದು ಕೂರ್ತಾರೆ."

"ಎಂಥವನು?"

"ಒಳ್ಳೆಯವರೇ. ಸ್ವಲ್ಪ ಮರೆವು."

ವಾರಕ್ಕೊಮ್ಮೆ! ತಾವು ಕೂರುವ ಅದೇ ಸ್ಟೂಲಿನ ಮೇಲೆ! ಡಾಕ್ಟರು ಅಂಗಡಿಯ ಗಿರಾಕಿಗಳನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಅವರ ಮಣಿಕಟ್ಟು ನೋಡುತ್ತ ಮನೆಗೆ ಬಂದರು. ಅಷ್ಟು ಸಣಕಲ ಒಬ್ಬನೂ ಇರಲಿಲ್ಲ.

ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಹೆಂಡತಿ ಆಗತಾನೇ ಬಂದು ಕೈ ತೊಳೆಯುತ್ತಿದ್ದಳು. ಡಾಕ್ಟರು ಪಟ್ಟಿಯನ್ನು ಮೇಜಿನ ಮೇಲೆ ಎಸೆದರು.

"ಇದು ಯಾರದು?"

ಅವಳು ಪಟ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಟವೆಲ್ಲಿನಲ್ಲಿ ನಿಧಾನವಾಗಿ ಕೈ ಒರೆಸಿಕೊಂಡಳು.

"ನೀವೇ ಹೇಳಿ. ನಿಮಗೆ ವಾಚ್ ನೋಡಿದ್ರೆ ಮನುಷ್ಯರು ಗೊತ್ತಾಗ್ತಾರಲ್ಲ."

"ಒರಟ. ತಾಳ್ಮೆ ಅನ್ನೋದು ಇಲ್ಲ."

"ಇಲ್ಲವೇ ಇಲ್ಲ."

"ರುಚಿ ಇಲ್ಲದವನು."

"ಆಗ ಇರಲಿಲ್ಲ. ಆಮೇಲೆ ಅತಿಯಾಯ್ತು."

"ಹಳೇ ಪರಿಚಯ."

"ತುಂಬಾ ಹಳೇದು. ಆ ವಾಚನ್ನ ನನ್ನ ಮೊದಲ ಸಂಬಳದಲ್ಲಿ ನಾನೇ ಕೊಡಿಸಿದ್ದು."

ಡಾಕ್ಟರು ಕುರ್ಚಿ ಹಿಡಿದುಕೊಂಡು ಕೂತರು. "ಮೊದಲ ಸಂಬಳ! ಅವನೇನು ಮಾಡಿದ ಅದನ್ನ?"

"ಯಾವನಿಗೋ ಕೊಟ್ಟು, ಬದಲಿಗೆ ಬೇರೆ ವಾಚ್ ತಂದ. ಪಟ್ಟಿ ಕಸದ ಬುಟ್ಟೀಲಿ ಬಿದ್ದಿತ್ತು. ನಾನು ಎತ್ತಿಟ್ಕೊಂಡೆ."

"ಮುಠ್ಠಾಳ!" ಡಾಕ್ಟರು ಮೇಜು ಗುದ್ದಿದರು. ಆ ಕ್ಷಣದಲ್ಲಿ ಅವರಿಗೆ ಹೆಂಡತಿಯ ಮೇಲಿನ ಸಿಟ್ಟೇ ಇಳಿದುಹೋಗಿ, ಅವಳ ಬಗ್ಗೆ ಮರುಕ ಹುಟ್ಟಿತು. "ಹೆಂಗಸೊಬ್ಬಳು ಪ್ರೀತಿಯಿಂದ ಕೊಟ್ಟಿದ್ದನ್ನ ಯಾವನಿಗೋ ಕೊಟ್ಬಿಡೋನು ಮನುಷ್ಯನಾ? ಅಂಥವನಿಗೆ ಹೊಲಿಗೆ ಬೇರೆ ಹಾಕಿದೀಯ! ಬಿಟ್ಟುಬಿಡು ಅವನನ್ನ."

"ಎಷ್ಟೋ ಸಲ ಅನ್ಕೊಂಡಿದೀನಿ," ಎಂದಳು ಹೆಂಡತಿ. ಅವಳ ತುಟಿಯ ಅಂಚು ನಡುಗಿತು. ನಗುವೋ ಅಳುವೋ ತಿಳಿಯಲಿಲ್ಲ. "ಆಗ್ಲಿಲ್ಲ. ಈಗ ಆ ವಾಚೂ ಮತ್ತೆ ಸಿಕ್ಕಿದೆ. ಅವನಿಗೇ ಕೊಡೋಣ ಅಂತ ಇದ್ದೆ."

"ಯಾರವನು? ಹೆಸರು ಹೇಳು! ನನಗೆ ಎಲ್ಲಾ ಗೊತ್ತು. ಮೊಳೇಲಿ ತೂತು ಹೊಡ್ಕೊಂಡಿದಾನೆ. ಕಡ್ಡಿಯಂಥ ಕೈ!"

ಹೆಂಡತಿ ಅವರ ದಪ್ಪ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮದುವೆಯಾದ ಹೊಸದರಲ್ಲಿ ನೀವು ತುಂಬಾ ಸಣ್ಣಗಿದ್ರಿ."