ಮಗ್ಗಿಯ ರಾಗ

ಮಕ್ಕಳ ಎದೆಬಡಿತ ಏರಿಸುವ ಪದ್ಯ ಪಾಠಕ್ಕೆ ಸಲ್ಲದೆಂಬ ಕಾಯಿದೆ ಬಂದು ಆರು ವರ್ಷವಾಗಿತ್ತು. ಓದುವಾಗ ಎದೆಬಡಿತ ಅಳೆಯುವ ಕೈಪಟ್ಟಿ ಯಾರದು ಕೂಗಿದರೂ ಸಾಕು, ಆ ಪದ್ಯ ಎಲ್ಲರ ಟ್ಯಾಬಿನಿಂದಲೂ ಅಳಿಸಿಹೋಗುತ್ತಿತ್ತು. ಹಾಗಾಗಿ ಶಿವಲೀಲಾ ಟೀಚರ್ ಪ್ರತಿ ಪದ್ಯವನ್ನೂ ಮಗ್ಗಿಯ ರಾಗದಲ್ಲೇ ಓದಿಸುತ್ತಿದ್ದರು. ಮಗ್ಗಿ ಹೇಳುವಾಗ ಯಾರ ಎದೆ ತಾನೇ ಜೋರಾಗಿ ಬಡಿದೀತು?

ಇವತ್ತಿನದು ವಿದ್ಯಾರ್ಥಿನಿ ಫರೀದಾ ತಾನೇ ಬರೆದ ಪದ್ಯ. ಮಣ್ಣು ತುಂಬಿ ಮುಚ್ಚಿದ ಊರಬಾವಿಗೆ ಅವಳಜ್ಜಿ ಈಗಲೂ ಕೊಡ ಹಿಡಿದು ಹೋಗಿ ಬರುವ ಎಂಟು ಸಾಲು. ತರಗತಿ ಅದನ್ನು ನಾಲ್ಕು ಸಲ ರಾಗ ಎಳೆದು ಓದಿತು. ಐದನೆಯ ಸಲ ಕೂಗಿದ್ದು ಟೀಚರ್ ಕೈಯ ಪಟ್ಟಿ. ಮೂವತ್ತು ಟ್ಯಾಬುಗಳೂ ಬರಿದಾದವು.

“ತಪ್ಪಾತವ್ವ,” ಎಂದರು ಟೀಚರ್. “ಆ ಬಾವಿ ನೀರು ನಾನೂ ಕುಡದೀನಿ.”

“ಹೋದ್ರ ಹೋಗ್ಲಿ ಬಿಡ್ರಿ ಟೀಚರ್,” ಎಂದಳು ಫರೀದಾ. “ಮಗ್ಗಿ ಹೇಳಿದಂಗ ಹೇಳಿ ಹೇಳಿ ಎಲ್ಲಾರಿಗೂ ಬಾಯಿಪಾಠ ಆಗೇತಿ.”

ಪಟ್ಟಿಯ ಕೂಗು ಹೊರಗೆ ಕೇಳದಿರಲೆಂದು ಕಿಟಕಿ ಮುಚ್ಚಲು ಹೋದ ಟೀಚರ್ ಅದನ್ನು ಪೂರ್ತಿ ತೆರೆದರು.

“ಹಂಗಾರ ಮಗ್ಗಿ ರಾಗ ಸಾಕು. ನಿಮ್ಮ ನಿಮ್ಮ ದನಿಯೊಳಗ ಹೇಳ್ರಿ.”

ಎರಡನೆಯ ಸಾಲಿಗೇ ಮೂವತ್ತು ಪಟ್ಟಿಗಳೂ ಕೂಗತೊಡಗಿದವು. ಯಾರೂ ಹೇಳುವುದನ್ನು ನಿಲ್ಲಿಸಲಿಲ್ಲ. ಅಳಿಸಲು ಟ್ಯಾಬಿನಲ್ಲಿ ಏನೂ ಉಳಿದಿರಲಿಲ್ಲ.