ಇನ್ನೂರು ಕೋಟಿ ಜೀವ

ಪುಡಿ ಹಾಕಿದ ನೀರು ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲಿ ತಾತ ಸೌಟು ಹಿಡಿದು ಕಾವಲಿಗೆ ನಿಂತಿದ್ದ. ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

“ಅಪ್ಪಾ, ಅದು ಪಾಪುಗೆ ಡಾಕ್ಟರ್ ಕೊಟ್ಟ ಪುಡಿ ಅಲ್ವಾ?”

“ಹೂಂ. ಇದರಲ್ಲಿ ಕ್ರಿಮಿ ಇದೆ ಕಣೇ. ಇನ್ನೂರು ಕೋಟಿ, ಅದೂ ಜೀವಂತ. ನಾಚಿಕೆ ಇಲ್ದೆ ಪೊಟ್ಟಣದ ಮೇಲೇ ಅಚ್ಚು ಹಾಕ್ಸಿದಾರೆ.”

“ಅಯ್ಯೋ ದೇವರೇ! ಮೊನ್ನೆಯಿಂದ ಹೀಗೇ ಕುದಿಸಿ ಕೊಟ್ಟಿದೀಯಾ?”

“ಮತ್ತೆ? ಹಸಿಹಸಿ ಕೊಡ್ಲಾ? ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ?”

ತಾತನನ್ನು ದೂರಿ ಪ್ರಯೋಜನವಿಲ್ಲ. ಊರಿಗೆ ನೀರು ಶುದ್ಧ ಮಾಡಿ ಬಿಡುವ ಘಟಕದಲ್ಲಿ ಕ್ಲೋರಿನ್ ಬೆರೆಸುವುದೇ ಅವನ ಉದ್ಯೋಗವಾಗಿತ್ತು. ನಿವೃತ್ತನಾಗುವವರೆಗೆ ಒಂದು ಕ್ರಿಮಿಗೂ ಅವನು ಮುಖ ಕೊಟ್ಟು ಮಾತಾಡಿದವನಲ್ಲ. ಈಗ ನಾಲ್ಕು ವರ್ಷದ ಮೊಮ್ಮಗಳಿಗೆ ಭೇದಿ ಹಿಡಿದು, ಕೂಸು ಬಾಡಿದ ಸೊಪ್ಪಿನ ಹಾಗೆ ಮಂಚದ ಮೇಲೆ ಬಿದ್ದಿತ್ತು. ಉಪ್ಪು-ಸಕ್ಕರೆ ನೀರನ್ನು ತಾತ ಗುಟುಕು ಗುಟುಕಾಗಿ, ಬೇಸರವಿಲ್ಲದೆ ಕುಡಿಸುತ್ತಿದ್ದ; ಅದೇ ಮುಖ್ಯ, ಪುಡಿ ಅದರ ಜೊತೆಗೆ ಸಹಾಯಕ್ಕೆ ಎಂದು ಡಾಕ್ಟರು ಹೇಳಿದ್ದರು. ನಾಳೆಯೊಳಗೆ ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದೂ ಹೇಳಿದ್ದರು.

ಮಗಳು ಒಲೆ ಆರಿಸಿದಳು. “ಇವು ಒಳ್ಳೆ ಬ್ಯಾಕ್ಟೀರಿಯಾ ಅಪ್ಪಾ. ಜೀವ ಇದ್ರೇನೇ ಹೊಟ್ಟೆಯೊಳಗೆ ಹೋಗಿ ಕೆಲಸ ಮಾಡೋದು. ನೀನು ಎಲ್ಲವನ್ನೂ ಬೇಯಿಸಿ ಮಗುಗೆ ಹೆಣ ಕುಡಿಸಿದೀಯಾ!”

“ಒಳ್ಳೆ ಕ್ರಿಮಿ ಅಂತ ಒಂದಿದೆಯಾ? ನನ್ನ ಸರ್ವಿಸ್‌ನಲ್ಲಿ ಒಂದೂ ಸಿಗಲಿಲ್ಲ.”

“ಮುಳ್ಳನ್ನ ಮುಳ್ಳಿಂದಾನೇ ತೆಗೀಬೇಕು.”

“ಅದಕ್ಕೆ ಒಂದು ಮುಳ್ಳು ಸಾಕು. ಇನ್ನೂರು ಕೋಟಿ ಯಾಕೆ?”

ಮಗಳಿಗೆ ನಗುವೂ ಬಂತು, ಕೋಪವೂ ಬಂತು, ಕೋಪ ಗೆದ್ದಿತು. “ನಿನ್ನ ಹಟಕ್ಕೆ ಮಗುವಿನ ಪ್ರಾಣದ ಜೊತೆ ಆಟ ಆಡ್ತಿದೀಯಲ್ಲಾ!” ಎಂದುಬಿಟ್ಟಳು.

ತಾತ ಸೌಟನ್ನು ಕೆಳಗಿಟ್ಟ. “ನಿನ್ನ ಅಣ್ಣನಿಗೂ ಆಗ ಇಷ್ಟೇ ವಯಸ್ಸು,” ಎಂದ. “ಬೆಳಿಗ್ಗೆ ಭೇದಿ ಶುರುವಾಯ್ತು, ಸಂಜೆಗೆ ಮುಗೀತು. ನಲ್ಲಿ ನೀರು ಕಣೇ. ಅದರಲ್ಲಿ ಕಣ್ಣಿಗೆ ಏನೂ ಕಾಣ್ತಿರ್ಲಿಲ್ಲ. ಆಮೇಲೇ ನಾನು ಆ ಕೆಲಸಕ್ಕೆ ಸೇರಿದ್ದು.”

ಅಣ್ಣನೊಬ್ಬ ಇದ್ದನೆಂದು ಮಗಳಿಗೆ ಗೊತ್ತಿತ್ತು. ಹೇಗೆ ಹೋದನೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ. ಆಡಿದ ಮಾತಿಗೆ ನಾಲಿಗೆ ಕಚ್ಚಿಕೊಂಡು, ಹೊಸ ಪೊಟ್ಟಣ ಕತ್ತರಿಸಿ ಅಪ್ಪನ ಕೈಗೇ ಕೊಟ್ಟಳು.

“ನನಗೂ ಭಯವೇ ಅಪ್ಪಾ. ಆದ್ರೂ ಈ ಸಲ ಕುದಿಸ್ಬೇಡ.”

“ಹಾಗಾದ್ರೆ ಮೊದಲು ನಾನು ಕುಡೀತೀನಿ. ಏನಾದ್ರೂ ಆಗೋದಿದ್ರೆ ನನಗಾಗಲಿ.”

“ನೀನೂ ಕುಡೀಲೇಬೇಕು. ಬೆಳಿಗ್ಗೆಯಿಂದ ಕಕ್ಕಸಿಗೆ ಓಡ್ತಾ ಇರೋದು ನನಗೆ ಗೊತ್ತಿಲ್ವಾ? ದೊಡ್ಡವರಿಗೂ ಇದೇ ಪುಡಿ ಆಗುತ್ತೆ ಅಂದಿದಾರೆ ಡಾಕ್ಟರ್.”

“ನಾನು ಕೈ ತೊಳಿಯೋಕೆ ಹೋಗಿದ್ದೆ,” ಎಂದ ತಾತ.

ಆರಿದ ನೀರಿಗೆ ಪುಡಿ ಬೆರೆಸಿ ಕಣ್ಣು ಮುಚ್ಚಿ ನುಂಗಿದ. ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತ. ಒಳಗಿನಿಂದ ಯಾವ ದೂರೂ ಬರಲಿಲ್ಲ. ಎದ್ದು ಇನ್ನೊಂದು ಪೊಟ್ಟಣ ಬೆರೆಸಿಕೊಂಡು ಹೋಗಿ, ಮೊಮ್ಮಗಳ ತಲೆಯನ್ನು ತೋಳಿನ ಮೇಲಿಟ್ಟುಕೊಂಡ.

“ತಾತಾ, ಇದ್ರಲ್ಲಿ ಏನಿದೆ?”

ಮಗುವಿನ ಹತ್ತಿರ ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. “ಕ್ರಿಮಿ ಇದೆ ಕಂದಾ. ಪುಟ್ಟಪುಟ್ಟವು.”

“ಸತ್ತೋಗಿದಾವಾ?”

“ಇಲ್ಲ. ಬದುಕಿವೆ.”

“ನನ್ನ ಹೊಟ್ಟೆಯೊಳಗೆ ಹೋದ್ಮೇಲೂ ಬದುಕಿರ್ತಾವಾ?”

ಚಮಚದ ನೀರು ಆಗಲೇ ತಣ್ಣಗಿತ್ತು. ಆದರೂ ತಾತ ಅದನ್ನು ಇನ್ನೊಮ್ಮೆ ಊದಿದ.

“ಬದುಕ್ಬೇಕು ಕಂದಾ,” ಎಂದ. “ಯಾರೂ ಸಾಯಬಾರದು.”