ಒಂದು ಸೈಜು ದೊಡ್ಡವು

ಚೆರ್ರಿ ಹೂ ಮರದ ಮೇಲಿರುವಷ್ಟು ದಿನ ಸತ್ತವರು ಉಯೆನೋ ಪಾರ್ಕಿಗೆ ಬರುತ್ತಾರೆ. ಹಾಗಾಗಿ ಆ ವಾರ ಟೋಕಿಯೋದ ಜನವೆಲ್ಲ ಅಲ್ಲೇ; ಕೂರಲು ಜಾಗ ಸಿಗುವುದೇ ಕಷ್ಟ. ನನ್ನ ಗಂಡ ಮಹಾಂತೇಶ ಬೆಳಗಾಗುವ ಮೊದಲೇ ಹೋಗಿ ಮರದಡಿ ನೀಲಿ ತಾಡಪತ್ರಿ ಹಾಸಿಕೊಂಡು ಕೂತಿದ್ದರು. ಪಕ್ಕದ ಚಾಪೆಯಲ್ಲಿ ಒಬ್ಬ ಅಜ್ಜಿ ತೀರಿಹೋದ ಗಂಡನಿಗೆ ಚಹಾ ಬಗ್ಗಿಸಿಕೊಡುತ್ತ, ತಡವಾಗಿ ಬಂದದ್ದಕ್ಕೆ ಬೈಯುತ್ತಿದ್ದಳು.

ನಾನು ಬುತ್ತಿ ಬಿಚ್ಚುವಷ್ಟರಲ್ಲಿ ನಮ್ಮ ತನ್ಮಯಿ ಓಡಿಬಂದಳು. ಜ್ವರದಲ್ಲಿ ಹೋದಾಗ ಅವಳಿಗೆ ಆರು ವರ್ಷ, ಈಗಲೂ ಆರೇ. ಸತ್ತವರು ಬರಿಗಾಲಲ್ಲಿ ಬರುತ್ತಾರೆ, ನೆಲ ಇನ್ನೂ ತಣ್ಣಗಿರುತ್ತದೆ. ಅದಕ್ಕೇ ಪ್ರತಿ ವರ್ಷ ಹೊಸ ಚಪ್ಪಲಿ ತರುತ್ತೇನೆ.

ಹಾಕಿಕೊಂಡು ಆಚೀಚೆ ನಡೆದು ನೋಡಿದಳು. ಹಿಮ್ಮಡಿಯ ಹಿಂದೆ ಎರಡು ಬೆರಳು ಜಾಗ ಉಳಿದಿತ್ತು.

"ಯವ್ವಾ, ಇವು ಭಾಳ ದೊಡ್ಡವು ಅದಾವ."

ಮಹಾಂತೇಶ ನನ್ನನ್ನೇ ನೋಡಿದರು. ಅಂಗಡಿಯಲ್ಲಿ ಅವಳ ಅಳತೆಯದನ್ನೇ ಕೈಗೆತ್ತಿಕೊಂಡಿದ್ದೆ. ಆಮೇಲೆ ಯಾಕೋ ಕೆಳಗಿಟ್ಟೆ.

ಗಾಳಿ ಎದ್ದಿತ್ತು. ಸಂಜೆಯೊಳಗೆ ಮರ ಬರಿದಾಗುವ ಹಾಗೆ ಹೂ ಉದುರುತ್ತಿದ್ದವು.

"ಇರ್ಲಿ ಬಿಡವ್ವ," ಅಂದೆ. "ಬರೋ ವರ್ಷಕ್ಕ ಬರಾಬರಿ ಆಗ್ತಾವ."